ನೀರಿಗಿಳಿದ ಕುಂಬಳಕಾಯಿ

ಪುಷ್ಪಾವತಿಗೆ ಡ್ರೈವಿಂಗ್ ಲೈಸೆನ್ಸ್ ಮೊದಲ ಸಲಕ್ಕೇ ಸಿಕ್ಕಿತ್ತು. ಗಂಡ ದೇವದಾಸ ಮತ್ತೆ ಮತ್ತೆ ಫೇಲಾಗಿ ಸುಮ್ಮನಾಗಿದ್ದ. ಹಾಗಾಗಿ ಅವರು ಕೊಂಡ ಹಳೆಯ ಬಿಳಿ ವ್ಯಾನನ್ನು ಓಡಿಸುವವಳು ಅವಳು. ಓಡಿಸಬೇಕೋ ಬೇಡವೋ ಎಂದು ತೀರ್ಮಾನಿಸುವವಳೂ ಅವಳೇ.

ಕುಂದಾಪುರದಿಂದ ಥೇಮ್ಸ್ ದಂಡೆಯ ಮಹಾನಗರಕ್ಕೆ ಬಂದಿದ್ದ ದೇವದಾಸ ಅಲ್ಲಿನ ಗ್ರೀನ್‌ಫರ್ಡಿನ ರೆಸ್ಟೋರೆಂಟಿನಲ್ಲಿ ಅಡುಗೆಯವನಾಗಿದ್ದ. ೨೦೦೨ರಲ್ಲಿ ಆ ಕೆಲಸ ಬಿಟ್ಟು, ಆಫೀಸುಗಳಿಗೆ ಮಧ್ಯಾಹ್ನದ ಊಟ ಒದಗಿಸಲು ಹೊರಟ. ಮೊದಲ ಆರ್ಡರು ಕೊಟ್ಟವನು ಕೆನರಿ ವಾರ್ಫಿನ ಬ್ಯಾಂಕೊಂದರಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ ಬೆಂಗಳೂರಿನ ಕೃಷ್ಣಪ್ರಸಾದ. ಅವನ ಜೊತೆಯವರು ತಣ್ಣನೆಯ ಸ್ಯಾಂಡ್‌ವಿಚ್ ತಿಂದು ರೋಸಿಹೋಗಿದ್ದರು. ಮೊದಲ ದಿನ ಹೊತ್ತಿಗೆ ಸರಿಯಾಗಿ ಊಟ ಬಂದರೆ ದಿನವೂ ತರಿಸುತ್ತೇವೆ, ತಡವಾದರೆ ಬೇಡವೇ ಬೇಡ ಎಂದಿದ್ದರು.

ತೊಡಕು ಬಂದದ್ದು ಕುಂಬಳಕಾಯಿಯಿಂದ. ಹೊಸದಾಗಿ ತಂದ ಗಾಡಿಗೆ ದೃಷ್ಟಿ ತೆಗೆದು ಬೂದುಗುಂಬಳ ಒಡೆಯದೆ ಅದರಲ್ಲಿ ವ್ಯಾಪಾರಕ್ಕೆ ಹೋಗುವುದಿಲ್ಲ ಎಂದು ಪುಷ್ಪಾವತಿ ಹಟ ಹಿಡಿದಳು. ಮನೆಯೆದುರು ಒಡೆಯುವಂತಿರಲಿಲ್ಲ. ಕಳೆದ ದಸರಾದಲ್ಲಿ ಅದೇ ಬೀದಿಯಲ್ಲಿ ಯಾರೋ ಒಡೆದಾಗ, ಹೋಳುಗಳಿಗೆ ಹತ್ತಿದ ಕುಂಕುಮ ಕಂಡು ಎದುರುಮನೆಯ ಮುದುಕಿ ಪೊಲೀಸರನ್ನು ಕರೆಸಿದ್ದಳು.

ಇದನ್ನು ಫೋನಿನಲ್ಲಿ ಕೇಳಿದ ಕೃಷ್ಣಪ್ರಸಾದನಿಗೆ ಖುಷಿಯಾಯಿತು. ಊಟದ ಬಿಡುವಿನಲ್ಲಿ ಹಳೆಯ ಹಡಗುಕಟ್ಟೆಗಳನ್ನು ಸುತ್ತುವುದು ಅವನ ಚಟ. ಆಫೀಸಿನ ಹತ್ತಿರವೇ ನದಿಯ ದಂಡೆಯಲ್ಲಿ ಹಡಗು ಕಟ್ಟುತ್ತಿದ್ದ ಒಂದು ಯಾರ್ಡ್ ಪಾಳುಬಿದ್ದಿದೆ, ಅಲ್ಲಿ ಕಾಯಿ ಒಡೆದು ಹಾಗೇ ಊಟ ತನ್ನಿ ಎಂದ.

ಬಿಸಿಬೇಳೆಬಾತಿನ ಡಬ್ಬಿಗಳನ್ನು ಹೇರಿಕೊಂಡು ವ್ಯಾನ್ ಯಾರ್ಡಿನ ಮುಂದೆ ನಿಂತಾಗ ಅವನು ಕಾಯುತ್ತಿದ್ದ. ಗೇಟಿನ ಸರಪಳಿ ಎಂದೋ ತುಂಡಾಗಿತ್ತು. ಒಳಗೆ ಕೊಕ್ಕೆಯಿಲ್ಲದ ಕ್ರೇನು, ಮಾಡು ಕುಸಿದ ಇಟ್ಟಿಗೆಯ ಶೆಡ್ಡು, ಎಲ್ಲಿಂದಲೋ ಹೊರಟು ಎಲ್ಲಿಗೂ ಹೋಗದ ಹಳಿಗಳು. ನದಿಯಾಚೆ, ಎರಡು ಸಾವಿರದ ಇಸವಿಯ ಸಂಭ್ರಮಕ್ಕೆಂದು ಕಟ್ಟಿ ಈಗ ಮುಚ್ಚಿ ಕೂತಿದ್ದ ಬಿಳಿಯ ಡೋಮ್ ಕಾಣುತ್ತಿತ್ತು. ಅದೂ ಪಾಳೇ, ಹೊಸ ಪಾಳು.

"ಹ್ವಾಯ್, ಯಾರಾರೂ ಬಂದ್ ಕೇಂಡ್ರೆ ಎಂತ ಹೇಳೂದ್?" ಎಂದಳು ಪುಷ್ಪಾವತಿ.

"ಹಡಗು ನೋಡೋಕೆ ಬಂದ್ವಿ ಅನ್ನಿ ಮೇಡಂ," ಎಂದ ಕೃಷ್ಣಪ್ರಸಾದ.

"ಹಡ್ಗ್ ಎಲ್ಲಿತ್ತ್?"

"ಅದನ್ನೇ ಹುಡುಕ್ತಿದೀವಿ ಅನ್ನಿ." ಅವನು ದೇವದಾಸನ ಕಡೆ ತಿರುಗಿದ. "ಬಾತಿಗೆ ಬೆಲ್ಲ ಗಿಲ್ಲ ಹಾಕಿಲ್ಲ ತಾನೆ?"

"ಚೂರ್ ಹಾಕಿದ್ದೆ."

"ಚೂರು ಅಂದ್ರೆ ನಿಮ್ಮ ಕಡೆ ಅರ್ಧ ಅಚ್ಚು. ನಮ್ಮೋರು ನನ್ನ ಸಾಯಿಸ್ತಾರೆ."

ಹಡಗನ್ನು ನೀರಿಗೆ ಜಾರಿಸುತ್ತಿದ್ದ ಇಳಿಜಾರಿನ ತಲೆಯಲ್ಲಿ, ನದಿಗೆ ಮುಖ ಮಾಡಿ ಪುಷ್ಪಾವತಿ ವ್ಯಾನ್ ನಿಲ್ಲಿಸಿದಳು. ಅಷ್ಟು ದೊಡ್ಡ ಯಾರ್ಡಿನಲ್ಲಿ ಗಾಜಿನ ಚೂರಿಲ್ಲದ ಜಾಗ ಅದೊಂದೇ. ಬಾನೆಟ್ಟಿಗೆ ಕುಂಕುಮ ಹಚ್ಚಿದಳು, ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟಳು. ಹಡಗಿನ ಹಗ್ಗ ಬಿಗಿಯುವ ಕಬ್ಬಿಣದ ಗೂಟಕ್ಕೆ ಹೊಡೆದಾಗ ತೆಂಗಿನಕಾಯಿ ಒಂದೇ ಪೆಟ್ಟಿಗೆ ಹೋಳಾಯಿತು. ಆಮೇಲೆ ದೇವದಾಸ ಕುಂಕುಮ ತುಂಬಿ ಕರ್ಪೂರ ಹಚ್ಚಿದ ಕುಂಬಳಕಾಯಿಯನ್ನು ವ್ಯಾನಿಗೆ ನಿವಾಳಿಸಿ, ತಲೆಯ ಮೇಲೆತ್ತಿ ಬಲವಾಗಿ ಅಪ್ಪಳಿಸಿದ.

ಕಾಯಿ ಒಡೆಯಲಿಲ್ಲ. ಕಿಂಗ್ಸ್‌ಬರಿಯ ಅಂಗಡಿಯವನು ಹೋಳು ಮಾತ್ರ ಮಾರುವವನು; ಪುಷ್ಪಾವತಿ ಜಗಳವಾಡಿ ತಂದಿದ್ದ ಇಡೀ ಕಾಯಿ ಅಷ್ಟು ಬಲಿತಿತ್ತು. ಬಿದ್ದದ್ದೂ ಪಾಚಿಗಟ್ಟಿದ ಮೆತ್ತನೆಯ ಮರದ ದಿಮ್ಮಿಯ ಮೇಲೆ. ಒಮ್ಮೆ ಪುಟಿದು, ಕುಂಕುಮ ಚೆಲ್ಲುತ್ತಾ ಇಳಿಜಾರಿನುದ್ದಕ್ಕೂ ಉರುಳಿ ಥೇಮ್ಸಿಗೆ ಬಿತ್ತು. ಮುಳುಗಿ ಎದ್ದು ತೇಲಿತು.

"ಈ ಯಾರ್ಡಿಂದ ನೀರಿಗೆ ಏನಾದ್ರೂ ಇಳಿದು ಎಷ್ಟು ಕಾಲ ಆಗಿತ್ತೋ," ಎಂದು ಕೃಷ್ಣಪ್ರಸಾದ ನಕ್ಕ. ಇನ್ನಿಬ್ಬರು ನಗಲಿಲ್ಲ.

"ನೀರಿಗ್ ಬಿಡೂದ್ ಅಂದ್ರೆ ವಿಸರ್ಜನೆ," ಎಂದಳು ಪುಷ್ಪಾವತಿ. "ವ್ಯಾಪಾರ ಸುರು ಆಪುಕ್ ಮುಂಚೆ ವಿಸರ್ಜನೆ ಆಯ್ತ್, ಕಾಣಿ."

"ತೆಂಗಿನ್ಕಾಯಿ ಒಡ್ದಾಯ್ತಲೆ ಹೆಣೆ, ಸಾಕಲ್ದಾ?" ಎಂದ ದೇವದಾಸ.

"ತೆಂಗಿನ್ಕಾಯಿ ದೇವ್ರಿಗ್. ಕುಂಬ್ಳಕಾಯಿ ದೃಷ್ಟಿಗ್. ಎರ್ಡೂ ಒಂದ್ ಮಾಡ್ಬೇಡಿ."

"ಗ್ರೀನ್‌ಫರ್ಡಿಂದ ಇಲ್ಲಿವರೆಗೆ ಓಡ್ಸ್ಕಂಡ್ ಬಂದದ್ದ್ ಮತ್ತೆ?"

"ಅದ್ ಗಾಡಿ ತಂದದ್ದ್. ಊಟ ಕೊಡೂದ್ ವ್ಯಾಪಾರ."

ಕೃಷ್ಣಪ್ರಸಾದನ ಮೊಬೈಲು ರಿಂಗಾಯಿತು. ಊಟ ಎಲ್ಲಿ ಎಂದು ಆಫೀಸಿನವರು ಕೇಳುತ್ತಿದ್ದರು. "ಟ್ರಾಫಿಕ್ ಕಣೋ, ಬಂದೇಬಿಟ್ವಿ," ಎಂದು ಅವನು ಸುತ್ತಲಿನ ನಿರ್ಜನ ಯಾರ್ಡನ್ನು ನೋಡುತ್ತಾ ಹೇಳಿದ. ಅವನ ಮುಖದಲ್ಲೂ ಈಗ ನಗು ಉಳಿದಿರಲಿಲ್ಲ.

ನದಿಯಲ್ಲಿ ನೀರಿಳಿತದ ಹೊತ್ತು. ಕಾಯಿ ದೂರ ಹೋಗದೆ, ಇಳಿಜಾರಿನ ಕೊನೆಯ ಕೊಳೆತ ದಿಮ್ಮಿಗಳ ನಡುವೆ ಸಿಕ್ಕಿಕೊಂಡಿತ್ತು. ದೇವದಾಸ ಹೊಸ ಪ್ಯಾಂಟನ್ನು ಮೊಣಕಾಲಿಗೆ ಮಡಚಿದ.

"ಜಾರುತ್ತೆ ರೀ, ಹುಷಾರು," ಎಂದ ಕೃಷ್ಣಪ್ರಸಾದ.

"ಗಂಗೊಳ್ಳಿ ಹೊಳೆ ಕೆಸ್ರಲ್ಲಿ ಚಿಪ್ಪ್ ಹೆಕ್ಕಿ ಬೆಳ್ದವ ನಾನ್," ಎಂದು ದೇವದಾಸ ಇಳಿದ. ಕೆಸರಿನಲ್ಲಿ ಒಂದು ಶೂ ಹೋಯಿತು. ಇನ್ನೊಂದನ್ನು ತಾನೇ ಬಿಚ್ಚಿ ಎಸೆದ. ಕಾಯಿಯನ್ನು ಎಳೆದು, ದಿಮ್ಮಿಗೆ ಅಪ್ಪಳಿಸಲು ಎತ್ತುವಾಗ ಕಾಲು ಜಾರಿ, ಕಾಯಿಯ ಮೇಲೆಯೇ ದೊಪ್ಪನೆ ಬಿದ್ದ.

"ಒಡಿತಾ?" ಎಂದು ಮೇಲಿನಿಂದ ಪುಷ್ಪಾವತಿ ಕೂಗಿದಳು.

"ಎಂತ, ನನ್ ಮೊಣ್ಕಾಲಾ?"

"ಕಾಯಿ ಮರಾಯ್ರೆ."

ಅವನು ಎದ್ದು ಕೂತು ಅರ್ಧ ಕುಂಬಳಕಾಯಿ ಎತ್ತಿ ತೋರಿಸಿದ. ಅಂಗಿಯ ತುಂಬ ಕುಂಕುಮ, ಕೆಸರು, ಬೀಜ.

"ಗಾಡಿ ಎದುರಿಗೇ ಒಡೀಬೇಕು ಅಂತ ಏನಾದ್ರೂ..." ಎಂದು ಕೃಷ್ಣಪ್ರಸಾದ ಶುರುಮಾಡಿದ. ಕೆಳಗಿನಿಂದ ದೇವದಾಸ ಬಾಯಿ ಮುಚ್ಚು ಎಂದು ಸನ್ನೆ ಮಾಡಿದ.

ಪುಷ್ಪಾವತಿ ವ್ಯಾನಿನ ಮೂತಿ ನೋಡಿದಳು, ಗಂಡನನ್ನು ನೋಡಿದಳು, ಕೃಷ್ಣಪ್ರಸಾದನ ವಾಚು ನೋಡಿದಳು. "ಎದ್ರಿಗೇ ಅಲ್ದಾ ಇಪ್ಪುದ್? ಸ್ವಲ್ಪ ಕೆಳ್ಗೆ, ಅಷ್ಟೆ," ಎಂದು ಹತ್ತಿ ಕೂತಳು. ಮೊಳದಷ್ಟು ಮುಂದೆ ಹೋಗಿ ನಿಂಬೆಹಣ್ಣು ಜಜ್ಜಿ, ಹಿಂದಕ್ಕೆ ತಿರುಗಿಸಿದಳು. ಏದುಸಿರು ಬಿಡುತ್ತಾ ಮೇಲೆ ಬಂದ ಗಂಡನಿಗೆ ಕಿಟಕಿಯಿಂದ, "ನೀವ್ ಹತ್ತುಕಾಗ. ಊಟದ ಗಾಡಿ," ಎಂದಳು. ಕೃಷ್ಣಪ್ರಸಾದನನ್ನು ಕೂರಿಸಿಕೊಂಡು ಹೊರಟೇಬಿಟ್ಟಳು.

ದೇವದಾಸ ಕಬ್ಬಿಣದ ಗೂಟದ ಮೇಲೆ ಕೂತು ತೆಂಗಿನಕಾಯಿ ತಿಂದ. ಪ್ರವಾಸಿಗರ ದೋಣಿಯೊಂದು ನದಿಯಲ್ಲಿ ಹಾದುಹೋಯಿತು. ಅದರಲ್ಲಿದ್ದವರು ಮೈಯೆಲ್ಲ ಕೆಂಪಾಗಿದ್ದ ಅವನ ಫೋಟೋ ತೆಗೆದರು. ಅವನು ಕೈಬೀಸಿದ. ರೆಸ್ಟೋರೆಂಟಿನಲ್ಲಿ ಅವನ ಜಾಗಕ್ಕೆ ಆಗಲೇ ಬೇರೆಯವನು ಬಂದಿದ್ದ.

ಕುಂಬಳಕಾಯಿಯ ಹೋಳುಗಳನ್ನು ಮತ್ತೆ ಏರಿಬಂದ ನೀರು ಎತ್ತಿಕೊಂಡು ಹೋಗುವ ಹೊತ್ತಿಗೆ ವ್ಯಾನ್ ಬಂತು. ಪುಷ್ಪಾವತಿ ಒಬ್ಬಳೇ ಇದ್ದಳು.

"ಎಂತಾಯ್ತ್?"

"ಟೈಮಿಗ್ ಸಮಾ ಹೋಯ್ತ್. ಬೆಲ್ಲ ಜಾಸ್ತಿ ಅಂದ್ರ್."

"ಮತ್ತೆ?"

"ತಿಂದ್ರ್. ನಾಳೆಯಿಂದ ದಿನಾ ತನ್ನಿ ಅಂದ್ರ್."

ದೇವದಾಸ ಮತ್ತೊಮ್ಮೆ ಕೇಳಿ ಖಚಿತ ಮಾಡಿಕೊಂಡ. ಆಮೇಲೆ, "ನಂಗೊಂದ್ ಡಬ್ಬಿ ಉಳ್ದಿತ್ತಾ?" ಎಂದ.

"ಒಂದೂ ಇಲ್ಲೆ. ಹಿಂದೆ ಕೂಕಣಿ." ಅವಳು ಡಬ್ಬಿಗಳಿದ್ದ ಜಾಗದಲ್ಲಿ ಹಳೆಯ ಪೇಪರು ಹಾಸಿದಳು.

ಬಾಗಿಲು ಹಾಕಿದ ಮೇಲೆ ಕತ್ತಲೆಯಲ್ಲಿ ಬಿಸಿಬೇಳೆಬಾತಿನ ವಾಸನೆ ಮಾತ್ರ ಉಳಿಯಿತು. ದೇವದಾಸ ಅದನ್ನು ಎರಡು ಸಲ ಮೂಗಿಗೆಳೆದುಕೊಂಡು ನೋಡಿದ. ಬೆಲ್ಲ ಸರಿಯಾಗಿಯೇ ಇತ್ತು.