ಹೆಬ್ಬೆರಳಿನ ಮೇಲೆ ಬಂದ ಅಪವಾದ

ಮರಿಸಾಹೇಬ ಕೆಂಪು ಇಂಕಿನಲ್ಲಿ ಗೀಟು ಎಳೆದ. ಒಂದು ಪುಟವಲ್ಲ, ಎರಡು ಪುಟವಲ್ಲ, ಅಳತೆ ಪುಸ್ತಕದ ಆರು ವರ್ಷಗಳ ಪುಟಗಳ ಮೇಲೆ ಮೂಲೆಯಿಂದ ಮೂಲೆಗೆ ಎಳೆದುಕೊಂಡು ಹೋದ. ಎದುರಿಗೆ ನಿಂತಿದ್ದ ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

"ಬೇಜಾರು ಮಾಡ್ಕೋಬೇಡಿ ಅಕ್ಕಾ. ನಿಮ್ಮ ಹೆಬ್ಬೆರಳಿಗೆ ವಾತ ಬಂದಿದೆ. ರೆಕ್ಕೇನ ಒತ್ತಿ ಹಿಡಿಯೋಕೆ ಆಗ್ತಿಲ್ಲ. ಅದಕ್ಕೇ ಎಲ್ಲಾ ಗಿಡ್ಡ ಬಂದಿದೆ."

ಆ ಹಕ್ಕಿ ಸಂಶೋಧನಾ ಕೇಂದ್ರದಲ್ಲಿ ಎಲ್ಲರಿಗೂ ಅವಳು ಅಕ್ಕ. ಇಪ್ಪತ್ತಾರು ವರ್ಷದಿಂದ ಅವಳದು ಒಂದೇ ಕೆಲಸ. ಸೇತುವೆಯ ಅಡಿಯಲ್ಲಿ ಮಣ್ಣಿನ ಗೂಡು ಕಟ್ಟುವ ಅಂಬರಗುಬ್ಬಿಗಳನ್ನು ಬೆಳಕು ಹರಿಯುವ ಹೊತ್ತಿಗೆ ಬಲೆ ಹಾಕಿ ಹಿಡಿಯಬೇಕು, ಮಡಿಸಿದ ರೆಕ್ಕೆಯನ್ನು ಅಳತೆಪಟ್ಟಿಯ ಮೇಲೆ ಬಾಗು ಹೋಗುವಂತೆ ಹೆಬ್ಬೆರಳಿಂದ ಒತ್ತಿ ಉದ್ದ ಬರೆದುಕೊಳ್ಳಬೇಕು, ಬಿಡಬೇಕು. ಆರು ವರ್ಷದ ಹಿಂದೆ ಸೇತುವೆಯ ಮೇಲೆ ಅಗಲ ರಸ್ತೆ ಬಂದು ಲಾರಿಗಳ ಓಡಾಟ ಶುರುವಾದ ಮೇಲೆ ರೆಕ್ಕೆ ವರ್ಷ ವರ್ಷಕ್ಕೂ ಕೂದಲೆಳೆಯಷ್ಟು ಕುಗ್ಗುತ್ತ ನೂರ ಹನ್ನೊಂದು ಮಿಲಿಮೀಟರಿನಿಂದ ನೂರ ಏಳಕ್ಕೆ ಇಳಿದಿತ್ತು. ಉದ್ದ ರೆಕ್ಕೆಯದು ಲಾರಿ ಎದುರಾದಾಗ ಗಕ್ಕನೆ ತಿರುಗಲಾರದು, ಸಾಯುತ್ತದೆ. ಗಿಡ್ಡ ರೆಕ್ಕೆಯದು ತಪ್ಪಿಸಿಕೊಂಡು ಮರಿ ಮಾಡುತ್ತದೆ, ಮರಿಗೂ ಅದೇ ರೆಕ್ಕೆ ಬರುತ್ತದೆ ಎಂದು ಹಿಂದಿನ ದೊಡ್ಡ ಸಾಹೇಬರು ಹೇಳುತ್ತಿದ್ದರು. ಸಾಕ್ಷಿ ಸಿಗುವ ಮೊದಲೇ ತೀರಿಕೊಂಡರು. ಅವರ ಕುರ್ಚಿಯಲ್ಲಿ ಈಗ ಕೂತಿರುವ ಮರಿಸಾಹೇಬ, ಹಕ್ಕಿಯ ಕತ್ತು ಹಿಚುಕದೆ ಹಿಡಿಯುವುದನ್ನು ಇದೇ ಅಕ್ಕನಿಂದ ಕಲಿತವನು. ಈ ವರ್ಷ ತಾನೇ ನಲವತ್ತು ಹಕ್ಕಿ ಅಳೆದನಂತೆ, ಎಲ್ಲ ನೂರ ಹನ್ನೊಂದರ ಆಸುಪಾಸು ಬಂದವಂತೆ. ಅಂದ ಮೇಲೆ ಹಕ್ಕಿ ಬದಲಾಗಿಲ್ಲ, ಅಕ್ಕನ ಬೆರಳು ಬದಲಾಗಿದೆ. ಎಷ್ಟು ಸಲೀಸು!

ಮನೆಗೆ ಬಂದವಳೇ ಚೀಲವನ್ನು ಮೂಲೆಗೆ ಬಿಸಾಕಿದಳು. ಗಂಡ ಟೈಲರು, ಮುಂದಿನ ಕೋಣೆಯಲ್ಲೇ ಅವನ ಮೆಷಿನ್ನು. ಅವನು ಮೆಷಿನ್ನು ನಿಲ್ಲಿಸಿದ, ಇವಳು ಶುರು ಮಾಡಿದಳು. ನಿನ್ನೆ ಮೊನ್ನೆ ಕಣ್ಣು ಬಿಟ್ಟವನು, ಐದು ವರ್ಷದಿಂದ ಬಲೆಯ ಹತ್ತಿರ ತಲೆ ಹಾಕದವನು ನನ್ನ ಬೆರಳಿಗೆ ಹೆಸರಿಡುತ್ತಾನೆ ಎಂದು ಬಾಯಿಗೆ ಬಂದಂತೆ ಬೈದಳು. ಬೆರಳು ನೋಯುವುದು ಸುಳ್ಳಲ್ಲ. ಹಲ್ಲು ಕಚ್ಚಿಕೊಂಡು ಒಂದೊಂದು ರೆಕ್ಕೆಯನ್ನೂ ಒತ್ತಿದ್ದಳು, ಯಾರ ಮುಂದೆಯೂ ಹೇಳಿಕೊಂಡಿರಲಿಲ್ಲ. ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ. ಗಂಡ ಎಲ್ಲ ಕೇಳಿಸಿಕೊಂಡು ದಾರ ಕತ್ತರಿಸಿದ.

"ಇಬ್ಬರ ಅಳತೆ ತಾಳೆ ಆಗ್ಲಿಲ್ಲ ಅಂದ್ರೆ ನಾನು ಟೇಪನ್ನ ಬೈಯಲ್ಲ ಕಣೇ. ಇಬ್ಬರೂ ಒಂದೇ ಗಿರಾಕಿ ಮೈ ಅಳೆದ್ರಾ ಅಂತ ಕೇಳ್ತೀನಿ."

ಬಲೆಯ ಹತ್ತಿರ ತಲೆ ಹಾಕದವನಿಗೆ ನಲವತ್ತು ಹಕ್ಕಿ ಎಲ್ಲಿಂದ ಬಂದವು?

ಮರುದಿನ ಎಲ್ಲರಿಗಿಂತ ಮೊದಲೇ ಹೋಗಿ ಕೇಂದ್ರದ ಫ್ರೀಜರ್ ತೆಗೆದಳು. ಪ್ಲಾಸ್ಟಿಕ್ ಕವರುಗಳಲ್ಲಿ ನಲವತ್ತು ಅಂಬರಗುಬ್ಬಿ. ಒಂದೊಂದರ ಕಾಲಿಗೂ ಚೀಟಿ, ಚೀಟಿಯಲ್ಲಿ ಮರಿಸಾಹೇಬನ ಗುಂಡು ಅಕ್ಷರ: ರಸ್ತೆ ಬದಿ. ರಸ್ತೆ ಗುಡಿಸುವವರಿಂದ ಆರಿಸಿ ತರಿಸಿಕೊಂಡಿದ್ದ ಪುಣ್ಯಾತ್ಮ! ಅದೇ ವಾತದ ಹೆಬ್ಬೆರಳಿಂದ ಒತ್ತಿ ಅಳೆದಳು. ನೂರ ಹನ್ನೊಂದು. ಇನ್ನೊಂದು, ನೂರ ಹನ್ನೆರಡು. ಮೂರನೆಯದನ್ನು ಅಳೆಯದೆ ಕೈಗೆ ಸಿಕ್ಕಷ್ಟನ್ನು ಬಾಚಿಕೊಂಡು ಹೋಗಿ ಅವನ ಮೇಜಿನ ಮೇಲೆ ಸುರಿದಳು.

"ನೀವು ಅಳೆದಿರೋದು ಸತ್ತವನ್ನ."

"ಸತ್ರೇನು ಅಕ್ಕಾ, ರೆಕ್ಕೆ ರೆಕ್ಕೇನೇ ಅಲ್ವಾ..." ಎನ್ನುತ್ತಿದ್ದವನು ಅಲ್ಲಿಗೇ ನಿಂತ. ಹಕ್ಕಿಗಳನ್ನು ನೋಡಿದ, ಪುಸ್ತಕ ನೋಡಿದ. ಬದುಕಿರುವುದು ಗಿಡ್ಡ, ಲಾರಿಗೆ ಸಿಕ್ಕಿದ್ದು ಉದ್ದ. ದೊಡ್ಡ ಸಾಹೇಬರು ಹುಡುಕಿದ ಸಾಕ್ಷಿ ಇದೇ. ಅವನು ಕುಣಿಯುವುದೊಂದು ಬಾಕಿ. ಇವತ್ತೇ ಪ್ರಬಂಧ ಶುರು ಮಾಡಬೇಕು, ಯಾರಿಗೆಲ್ಲ ಫೋನ್ ಮಾಡಬೇಕು ಎಂದು ಒಂದೇ ಉಸಿರಿಗೆ ಹೇಳಿಕೊಂಡು ಹೋದ. ಎದುರಿಗೆ ಒಬ್ಬಳು ನಿಂತಿದ್ದಾಳೆ ಎನ್ನುವುದೇ ಅವನಿಗೆ ಮರೆತುಹೋಗಿತ್ತು. ಅಕ್ಕನಿಗೆ ಪಿತ್ತ ನೆತ್ತಿಗೇರಿತು.

"ನಾಳೆ ಐದೂವರೆಗೆ ಸೇತುವೆ ಹತ್ರ ಬನ್ನಿ. ಜೀವ ಇರೋದನ್ನ ಅಳೆದು, ಆಮೇಲೆ ಗೀಟು ಹೊಡೆದ ಒಂದೊಂದು ಪುಟದಲ್ಲೂ ತಪ್ಪು ನಂದು ಅಂತ ಬರೆದು ಸಹಿ ಹಾಕಿ. ಅಲ್ಲೀವರೆಗೂ ಈ ಪುಸ್ತಕ ನನ್ನ ಹತ್ರ ಇರತ್ತೆ."

ಪುಸ್ತಕವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟಳು.

ಅವನು ಬಂದ. ಹನ್ನೊಂದು ಹಕ್ಕಿಗಳನ್ನು ಇಬ್ಬರೂ ಬೇರೆ ಬೇರೆ ಅಳೆದರು, ಅಂಕಿಗಳು ಒಂದಕ್ಕೊಂದು ತಾಳೆಯಾದವು, ಎಲ್ಲ ನೂರ ಏಳರ ಆಸುಪಾಸು. ಅವನು ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಕಮಕ್ ಕಿಮಕ್ ಎನ್ನದೆ ಪುಟ ಪುಟಕ್ಕೂ ಬರೆದು ಸಹಿ ಹಾಕಿದ. ತಪ್ಪಾಯ್ತು ಅಕ್ಕಾ ಎಂದೂ ಅಂದ. ಪರವಾಗಿಲ್ಲ ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಸಿಟ್ಟು ಇನ್ನೂ ಹಾಗೇ ಇತ್ತು.

ಬಲೆ ಮಡಿಸಿಕೊಂಡು ಮೇಲೆ ಹತ್ತಿ ಬಂದರೆ ರಸ್ತೆಯ ಅಂಚಿನಲ್ಲಿ ಒಂದು ಹಕ್ಕಿ ಬಿದ್ದಿತ್ತು. ಈಗಷ್ಟೇ ಲಾರಿ ಹೋಗಿತ್ತು. ಇಷ್ಟು ವರ್ಷ ಅವಳು ಇಂಥವನ್ನು ದಾಟಿಕೊಂಡೇ ನಡೆದಿದ್ದಳು. ಇವತ್ತು ಕುಕ್ಕರಗಾಲಲ್ಲಿ ಕೂತು ಎತ್ತಿಕೊಂಡಳು. ಇನ್ನೂ ಬೆಚ್ಚಗಿತ್ತು. ರೆಕ್ಕೆ ಮಡಿಸಿ ಪಟ್ಟಿಯ ಮೇಲೆ ಇಟ್ಟು ಒತ್ತಿದಳು.

"ನೂರ ಹನ್ನೆರಡು. ಬರೀರಿ."

"ಎಲ್ಲಿ ಬರೀಲಿ ಅಕ್ಕಾ?" ಎಂದ ಅವನು, ಪುಟ ತಿರುವುತ್ತ.

ಸತ್ತವಕ್ಕೆ ಅವಳ ಪುಸ್ತಕದಲ್ಲಿ ಜಾಗವೇ ಇರಲಿಲ್ಲ. ಅವಳು ಹೆಬ್ಬೆರಳನ್ನು ಎತ್ತಲಿಲ್ಲ. ಹಕ್ಕಿಯ ಕತ್ತು ಅವಳ ಮಣಿಕಟ್ಟಿನ ಮೇಲೆ ವಾಲಿಕೊಂಡಿತ್ತು.