ತನ್ನ ಉಳಿಗೆ ತನ್ನ ಸಾಣೆ

ಅಂಗಡಿಯ ಮೇಜಿನ ಮೇಲೆ ಎರಡು ಸಾಣೆ ಯಂತ್ರಗಳು ಕೂತಿದ್ದವು. ಒಂದು, ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಕಿಡಿ ಕಾರಿ ಅಲಗು ಹರಿತ ಮಾಡುವ ಒಣಕಲ್ಲು. ಉಳಿಯನ್ನು ಬರಿಗೈಯಲ್ಲೇ ಹಿಡಿಯಬೇಕು. ಇನ್ನೊಂದು ನೀರಲ್ಲಿ ಮೆಲ್ಲಗೆ ತಿರುಗುವ ಕಲ್ಲು. ಜೊತೆಗೆ ಉಳಿಯನ್ನು ಒಂದೇ ಓರೆಯಲ್ಲಿ ಕಚ್ಚಿ ಹಿಡಿಯುವ ಕ್ಲ್ಯಾಂಪು. ಇವೆರಡರಲ್ಲಿ ಒಂದನ್ನು ತಮ್ಮ ಕಾರ್ಖಾನೆಗೆ ಕೊಳ್ಳಲು ಅತ್ತಿಗೆ, ಮೈದುನ, ಜೊತೆಗೊಬ್ಬ ಕೆಲಸಗಾರ ಬಂದಿದ್ದರು. ಅತ್ತಿಗೆಯ ಕಣ್ಣು ಆ ಕ್ಲ್ಯಾಂಪಿನ ಮೇಲೇ ನೆಟ್ಟಿತ್ತು. ಅದು ಬಂದರೆ ಮರ ತಿರುಗಿಸಿ ಬಟ್ಟಲು ಕಡೆಯುವ ಲೇತ್ ಅವಳ ಕೈತಪ್ಪುವುದಿಲ್ಲ. ಬರದಿದ್ದರೆ ಮೂಲೆಯಲ್ಲಿ ಕೂತು ಬೇರೆಯವರು ಕಡೆದ ಬಟ್ಟಲುಗಳಿಗೆ ಪಾಲಿಶ್ ತಿಕ್ಕಬೇಕು.

ಯಾಕೆಂದರೆ ಅವಳ ಕೈ ಅವಳಿಗೇ ಕೈಕೊಟ್ಟಿತ್ತು. ವರ್ಷಗಟ್ಟಲೆ ಲೇತಿನ ಅದುರು ಕುಡಿದ ಬೆರಳುಗಳು ಈಗ ಲೇತ್ ನಿಂತ ಮೇಲೂ ಅದುರುತ್ತಿದ್ದವು. ಕಡೆಯುವಾಗ ತೊಂದರೆಯಿಲ್ಲ, ಉಳಿಯ ಉದ್ದ ಹಿಡಿಯನ್ನು ಸೊಂಟಕ್ಕೆ ಒತ್ತಿ ಮೈಭಾರ ಬಿಟ್ಟರಾಯಿತು. ಸಾಣೆಯ ಹತ್ತಿರ ಮಾತ್ರ ಅಲಗು ಕುಣಿಯುತ್ತದೆ. ಈ ವಿಷಯ ಅವಳು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

ಬಾಯಿ ಬಿಡುವುದಾದರೂ ಹೇಗೆ? ಧಣಿ ಬಾಗಿಲು ಜಡಿದು ಓಡಿಹೋದಾಗ ಕೆಲಸಗಾರರೇ ಬೀಗ ಮುರಿದು ಕಾರ್ಖಾನೆ ನಡೆಸಲು ನಿಂತರಲ್ಲ, ಅಂದು ಮೊದಲ ಕಟ್ಟಳೆ ಹಾಕಿದವಳು ಅವಳೇ: ತನ್ನ ಉಳಿಗೆ ತಾನೇ ಸಾಣೆ ಹಿಡಿಯಲಾರದವರಿಗೆ ಲೇತಿಲ್ಲ. ಇನ್ನು ಮುಂದೆ ಯಾರೂ ಯಾರ ಆಳಾಗಿಯೂ ಅಲಗು ಮಸೆದುಕೊಡಬಾರದು ಅಂತ. ಧಣಿಯ ಮೇಲೆ ಎತ್ತಿದ ಕತ್ತಿ ಈಗ ಅವಳ ಕುತ್ತಿಗೆಗೇ ಬಂದಿತ್ತು.

ಮೈದುನನಿಗೆ ಒಣಕಲ್ಲೇ ಬೇಕು. ಕ್ಲ್ಯಾಂಪು ಕಸುಬು ಬಾರದವರ ಆಟಿಕೆ ಎಂದು ಅಂಗಡಿಯವನೆದುರು ನಗಾಡಿದ. ದಪ್ಪ ಕನ್ನಡಕದ ದೆಸೆಯಿಂದ ಸೋಡಾಬುಡ್ಡಿ ಎನಿಸಿಕೊಂಡಿದ್ದ ಮೂರನೆಯ ಕೆಲಸಗಾರ ಯಾರ ಕಡೆಗೂ ವಾಲದೆ ವೈರುಗಳನ್ನು ಮೂಸುವಂತೆ ಬಗ್ಗಿ ನೋಡುತ್ತಿದ್ದ. ಅಂಗಡಿಯವನು ಒಣಕಲ್ಲಿನ ಸ್ವಿಚ್ ಒತ್ತಿ, ಒಮ್ಮೆ ಹಿಡಿದು ನೋಡಿ ಎಂದ.

"ಅತ್ತಿಗೇನೇ ಹಿಡೀಲಿ," ಮೈದುನ ಉಳಿ ಚಾಚಿದ. "ನಮ್ಮಲ್ಲಿ ಪಳಗಿದ ಕೈ ಅಂದ್ರೆ ಅವರದೇ."

ಕಲ್ಲು ಗುಂಯ್‌ಗುಡುತ್ತಿತ್ತು. ಅವಳು ಉಳಿ ಹಿಡಿದಳು. ಅಲಗು ಕಲ್ಲಿಗೆ ತಾಕುವ ಮೊದಲೇ ಕುಣಿಯತೊಡಗಿತು. ತಾಕಿಸಿದರೆ ಉಳಿ ಕಿತ್ತುಕೊಂಡು ಮುಖಕ್ಕೆ ಹಾರಬಹುದು. ತಾಕಿಸದಿದ್ದರೆ ಗುಟ್ಟು ರಟ್ಟು. ಸೋಡಾಬುಡ್ಡಿ ತಲೆಯೆತ್ತಿದ. ಮೈದುನನ ನಗೆ ನಿಂತಿತು.

ಅವಳೇ ಸ್ವಿಚ್ ಆರಿಸಿದಳು.

"ನೋಡಿದ್ರಲ್ಲ. ಈ ನಡುಕ ನಾನು ತವರಿಂದ ತಂದದ್ದಲ್ಲ, ನಮ್ಮ ಲೇತ್ ಕೊಟ್ಟದ್ದು. ಬಟ್ಟಲು ಮಾರಿದ ಕಾಸು ಎಲ್ಲರಿಗೂ ಸಮಪಾಲು, ನಡುಕ ಮಾತ್ರ ನನ್ನೊಬ್ಬಳದಾ?"

ಕಟ್ಟಳೆ ಹಾಕಿದ್ದು ನೀವೇ ಅಲ್ಲವೇ ಎಂದು ಮೈದುನ ಗೊಣಗಿದ. ಹಾಕಿದ್ದು ಧಣಿಗಳನ್ನು ಹೊರಗಿಡಲು, ದುಡಿದು ಸವೆದವರನ್ನಲ್ಲ ಎಂದಳು. ಕ್ಲ್ಯಾಂಪಿಗೆ ಉಳಿ ಸಿಕ್ಕಿಸುವವಳೂ ತಾನೇ, ಕಲ್ಲಿಗೆ ಒತ್ತುವವಳೂ ತಾನೇ. ಕಟ್ಟಳೆ ಎಲ್ಲಿ ಮುರಿಯಿತು?

ಸೋಡಾಬುಡ್ಡಿ ತನ್ನ ಬಲಗೈಯನ್ನು ಮೇಜಿನ ಮೇಲಿಟ್ಟ. ಬೆರಳ ತುದಿಗಳು ಅದೇ ಲೇತಿನ ಅದುರಿಗೆ ಮರಗಟ್ಟಿ ಸುಣ್ಣದಂತೆ ಬಿಳಚಿಕೊಂಡಿದ್ದವು. ಬೆಳಗ್ಗೆ ತನ್ನ ಅಂಗಿಯ ಗುಂಡಿಗಳನ್ನು ಹೆಂಡತಿಯೇ ಹಾಕಬೇಕು, ಅವಳು ಅದನ್ನು ಪ್ರೀತಿ ಅಂದುಕೊಂಡಿದ್ದಾಳೆ ಎಂದ.

"ಈಗ ನಿನ್ನ ಕೈ ತೋರಿಸು," ಎಂದಳು ಮೈದುನನಿಗೆ.

ಅವನು ಕೈಯನ್ನು ಜೇಬಿಗೆ ತುರುಕಿದ. ನೀರಿನ ಕಲ್ಲನ್ನೇ ಕಟ್ಟಿಕೊಡಿ ಎಂದು ಅಂಗಡಿಯವನಿಗೆ ಹೇಳಿ ಬಾಗಿಲ ಕಡೆ ತಿರುಗಿದ. ಅವಳು ಅಡ್ಡ ನಿಂತಳು.

"ದಾನ ಬೇಡ ನನಗೆ. ನಾಳೆ ನನ್ನ ಲೇತ್ ಯಾರದು, ಅದನ್ನ ಇಲ್ಲೇ ಹೇಳು."

ಸೋಡಾಬುಡ್ಡಿಯೂ ಕೇಳಿಸಿಕೊಳ್ಳಲು ಹತ್ತಿರ ಬಂದ.

"ನಿಮ್ಮದೇ, ಅತ್ತಿಗೆ," ಎಂದ ಮೈದುನ.

ಆಮೇಲೆ ಅವಳು ದಾರಿ ಬಿಟ್ಟಳು.