ಟ್ಯಾಂಕಿನ ಪಕ್ಕದ ಡ್ರಮ್ಮು

ಅಳಿಯ ತಾರಸಿಗೆ ಬೀಗ ಹಾಕಿದ್ದನ್ನು ಕಂಡ ದಿನವೇ ಅತ್ತೆಗೆ ಅನುಮಾನ ಹುಟ್ಟಿತು. ಹುಟ್ಟದೆ ಇರುತ್ತದೆಯೇ? ಅರ್ಧ ಆಯುಷ್ಯವನ್ನು ಹಾಸ್ಟೆಲ್ ವಾರ್ಡನ್ ಆಗಿ ಕಳೆದ ಹೆಂಗಸು. ಯಾವ ಡಬ್ಬಿ ಕಂಡರೂ ಮುಚ್ಚಳ ತೆಗೆದು ಮೂಸದಿದ್ದರೆ ಆಕೆಗೆ ಉಂಡದ್ದು ಅರಗುತ್ತಿರಲಿಲ್ಲ. ಹಾಸ್ಟೆಲ್ ಹುಡುಗಿಯರು ಸುಮ್ಮನೆ 'ದುರ್ಬೀನು' ಎಂದು ಹೆಸರಿಟ್ಟಿರಲಿಲ್ಲ.

ಆರು ತಿಂಗಳ ಬಸುರಿ ಮಗಳನ್ನು ನೋಡಿಕೊಳ್ಳಲು ಬಂದವಳು ಅಳಿಯನನ್ನೇ ನೋಡುತ್ತ ಕೂತಳು. ಬೆಳಗಾದರೆ ಅವನು ಪೇಪರು ಹಿಡಿದು ಮೇಲೆ ಹೋಗುತ್ತಿದ್ದ. ಕೆಳಗಿನ ಕಕ್ಕಸಿನ ಕಡೆ ಅವನ ತಲೆಯೇ ಕಾಣದು. ಮರಗೆಲಸದವನ ಅಂಗಡಿಯಿಂದ ಮೂಟೆಗಟ್ಟಲೆ ಮರದಪುಡಿ ತರುತ್ತಿದ್ದ.

"ನಿನ್ನ ಗಂಡ ಮೇಲೆ ಏನೇ ಸಾಕ್ತಿರೋದು?"

"ಅಮ್ಮಾ, ಅವರು ವಿಜ್ಞಾನದ ಕಥೆ ಬರೀತಾರೆ, ಗೊತ್ತಲ್ಲ. ಅದಕ್ಕೇನೋ ಪ್ರಯೋಗ. ನೀನು ಸುಮ್ನಿರು."

ಸುಮ್ಮನಿರು ಎಂದರೆ ಇರುವ ಜೀವವೇ ಅದು? ಅವನು ಸ್ನಾನಕ್ಕೆ ಹೋದಾಗ ಪ್ಯಾಂಟಿನ ಜೇಬಿನಿಂದ ಬೀಗದ ಕೈ ಎತ್ತಿಕೊಂಡು ಮೇಲೆ ಹತ್ತಿದಳು. ಎರಡು ಡ್ರಮ್ಮು. ನೀರಿನ ಟ್ಯಾಂಕಿನ ಪಕ್ಕದ್ದಕ್ಕೆ ಕೆಂಪು ಮುಚ್ಚಳ, ಬಾಗಿಲ ಕಡೆಯದಕ್ಕೆ ನೀಲಿ. ಎರಡನ್ನೂ ತೆಗೆದಳು. ಎರಡರಲ್ಲೂ ಮರದಪುಡಿ ಬೆರೆತ ಕಪ್ಪು ಮಣ್ಣಿನಂಥದ್ದು. ಬಾಗಿಲ ಕಡೆಯದು ಬರೀ ಮಣ್ಣಿನ ವಾಸನೆ. ಟ್ಯಾಂಕಿನ ಪಕ್ಕದ್ದು ಮಾತ್ರ, ಥೂ, ಕರುಳೇ ಬಾಯಿಗೆ ಬಂತು. ಅಷ್ಟರಲ್ಲಿ ಕೆಳಗೆ ಬಚ್ಚಲಿನ ನೀರಿನ ಸದ್ದು ನಿಂತಿತು. ಕೈಗೆ ಸಿಕ್ಕ ಹಾಗೆ ಮುಚ್ಚಳ ಒತ್ತಿ ದಡದಡ ಇಳಿದಳು.

ಅಂದಿನಿಂದ ಅವನು ತಂದ ಲೋಟ ಕೂಡ ಮೂಸಿಯೇ ಕುಡಿಯುತ್ತಿದ್ದಳು. ಅವನಿಗೋ ಯಾವುದೋ ಜ್ವರದಲ್ಲಿ ಮೂಗೇ ಸತ್ತಿತ್ತು. ಹಾಲು ಉಕ್ಕಿ ಸೀದರೂ ಪಕ್ಕದಲ್ಲೇ ಕೂತು ಬರೆಯುವ ಪುಣ್ಯಾತ್ಮ.

ಎರಡು ತಿಂಗಳಾಗಿರಬೇಕು. ಒಂದು ಮಧ್ಯಾಹ್ನ ಅಳಿಯ ತಟ್ಟೆ ತುಂಬ ಮೂಲಂಗಿ ಹೆಚ್ಚಿ ತಂದ. ಹಸಿ ಮೂಲಂಗಿ ಎಂದರೆ ಬಸುರಿಗೆ ಪ್ರಾಣ.

"ತಾರಸಿಯ ಮೊದಲ ಬೆಳೆ" ಎಂದ. "ಇನ್ನು ಮುಚ್ಚಿಟ್ಟು ಏನು ಪ್ರಯೋಜನ ಅತ್ತೆ. ನನ್ನ ಕಥೇಲಿ ಒಂದು ಆಕಾಶನೌಕೆ ಇದೆ. ಅದರಲ್ಲಿರೋ ಜನ ತಮ್ಮ ಹೊಲಸಲ್ಲೇ ಊಟ ಬೆಳ್ಕೋತಾರೆ. ಸಂಪಾದಕರು ನಂಬೋ ಹಾಗಿಲ್ಲ ಅಂತ ವಾಪಸ್ ಕಳಿಸಿದ್ರು. ಅದಕ್ಕೇ ಮಾಡಿ ನೋಡಿದೆ."

"ಅಯ್ಯೋ ನಿಮ್ಮ!" ಆಕೆ ಮೂಗು ಮುಚ್ಚಿಕೊಂಡಳು. "ನನಗೆ ಆವತ್ತೇ ಅನ್ನಿಸ್ತು."

"ಹೆದರಬೇಡಿ. ಹೊಸದರಲ್ಲಿ ರೋಗ ಇರುತ್ತೆ, ಹುಳದ ಮೊಟ್ಟೆ ಇರುತ್ತೆ, ನಿಜ. ಕೊಳೆತು ಕಾದು, ವರ್ಷಕ್ಕೂ ಮೇಲೆ ಹಾಗೇ ಬಿಟ್ರೆ ಮಣ್ಣೇ. ಹೊಸದಕ್ಕೆ ಕೆಂಪು ಮುಚ್ಚಳ, ಹಳೇದಕ್ಕೆ ನೀಲಿ. ನೀಲಿಯದ್ದನ್ನೇ ಹಾಕಿ ಬಿತ್ತಿದ್ದು."

ಮಗಳು ನಕ್ಕು ಒಂದು ಬಿಲ್ಲೆ ಎತ್ತಿಕೊಂಡಳು. ಅತ್ತೆಗೆ ಬೈಯಲು ಬಾಯಿ ತುಂಬ ಮಾತಿತ್ತು. ಆದರೆ ಹಾಳು ಅನುಮಾನ ಇನ್ನೊಂದು ಪ್ರಶ್ನೆ ಕೇಳಿಸಿತು.

"ನೀಲಿ ಮುಚ್ಚಳದ್ದು ಅಂದ್ರೆ ಯಾವ ಕಡೆಯದು?"

"ಟ್ಯಾಂಕಿನ ಪಕ್ಕದ್ದು. ಯಾಕತ್ತೆ?"

ತಾನು ತೆರೆದ ದಿನ ಟ್ಯಾಂಕಿನ ಪಕ್ಕದ್ದಕ್ಕೆ ಇದ್ದದ್ದು ಕೆಂಪು. ಕರುಳು ಬಾಯಿಗೆ ಬಂದದ್ದು ಅಲ್ಲೇ. ಸತ್ತ ಮೂಗಿನವನು ಬಣ್ಣ ನಂಬಿದ್ದ. ಅವಸರದಲ್ಲಿ ಮುಚ್ಚಳ ಅದಲುಬದಲು ಮಾಡಿದ ಕೈ ಇಲ್ಲಿ, ತನ್ನ ಮಡಿಲಲ್ಲೇ ಇತ್ತು. ಬಾಯಿ ಮುಚ್ಚಿಕೊಂಡು ತಟ್ಟೆ ಎತ್ತಿಟ್ಟರೆ ತಪ್ಪೆಲ್ಲ ಅಳಿಯನ ತಲೆಗೇ. ಮಗಳೂ ನಂಬುತ್ತಾಳೆ.

ಬಿಲ್ಲೆ ಮಗಳ ತುಟಿಗೆ ತಾಗಿತ್ತು. ಅತ್ತೆ ಮಣಿಕಟ್ಟು ಹಿಡಿದು ಅದನ್ನು ಕಿತ್ತುಕೊಂಡಳು. ತಟ್ಟೆ ಉರುಳಿ ಮೂಲಂಗಿ ನೆಲದ ತುಂಬ ಚೆಲ್ಲಿತು.

ಮಗಳ ಮುಖ ಕೆಂಪಾಯಿತು. "ಸಾಕಮ್ಮ. ಇನ್ನೂ ಎಷ್ಟು ದಿನ ಅವರ ಮೇಲೆ ಅನುಮಾನ ಪಡ್ತೀಯ?"

"ಅವರ ಮೇಲಲ್ಲ ಕಣೇ" ಎಂದಳು ಅತ್ತೆ, ಅಳಿಯನ ಮುಖ ನೋಡಲಾರದೆ. "ಈ ಸಲ ನನ್ನ ಮೇಲೆ."